ಯಾವ ಸಾಮಗ್ರಿ ಒಳಗೆ, ಯಾವುದು ಹೊರಗೆ? ಸುಧಾರಿತ ಉತ್ಪಾದನಾ ಯೋಜನೆಯ ಮೊದಲ ಪ್ರಶ್ನೆ

ಸಾಧಾರಣ ಗಾತ್ರದ ಎಂಜಿನಿಯರಿಂಗ್ ಕಾರ್ಖಾನೆಯೊಂದರ ಕಂಪ್ಯೂಟರಿನಲ್ಲಿ ಸಾಮಗ್ರಿಗಳ ಪಟ್ಟಿ ತೆರೆದರೆ ಸಾವಿರಾರು ಸಾಲುಗಳು ಕಾಣುತ್ತವೆ. ಗಿರಾಕಿಗೆ ಹೋಗುವ ಸಿದ್ಧ ಸರಕು, ಅರೆಸಿದ್ಧ ಬಿಡಿಭಾಗ, ಉಕ್ಕಿನ ಸರಳು, ಬೇರಿಂಗು, ಬೋಲ್ಟು, ಗ್ರೀಸು, ರಟ್ಟಿನ ಪೆಟ್ಟಿಗೆ, ಆ ಪೆಟ್ಟಿಗೆಗೆ ಅಂಟಿಸುವ ಲೇಬಲ್ಲು. ಯಾವುದು ಯಾವಾಗ ಎಷ್ಟು ಬೇಕು ಎಂಬ ಲೆಕ್ಕ ಇವೆಲ್ಲಕ್ಕೂ ಇರಲೇಬೇಕು. ಆದರೆ ಎಲ್ಲಕ್ಕೂ ಒಂದೇ ಬಗೆಯ ಲೆಕ್ಕ ಬೇಕೆ? ಯಂತ್ರದ ಸಾಮರ್ಥ್ಯ, ಸೆಟಪ್ಪಿಗೆ ಹಿಡಿಯುವ ಹೊತ್ತು, ಕೆಲಸಗಳ ಸರದಿ ಎಲ್ಲವನ್ನೂ ತೂಗಿ ಗಂಟೆಗಂಟೆಯ ವೇಳಾಪಟ್ಟಿ ಹಾಕುವ ಸುಧಾರಿತ ಯೋಜನಾ ತಂತ್ರಾಂಶಕ್ಕೆ ಯಾವುದನ್ನು ಒಪ್ಪಿಸಬೇಕು, ಯಾವುದನ್ನು ಹಳೆಯ ಎಂಆರ್‌ಪಿಯಲ್ಲೇ (ಸಾಮಗ್ರಿ ಅಗತ್ಯದ ಯೋಜನೆಯಲ್ಲೇ) ಬಿಡಬೇಕು?

ಸ್ಯಾಪ್ ಕಂಪನಿಯ ಎಸ್/4 ಹಾನಾ ತಂತ್ರಾಂಶ ಬಳಸುವವರಿಗೆ ಇದು ದಿನನಿತ್ಯದ ಪ್ರಶ್ನೆ. ಅಲ್ಲಿ ಪ್ರತಿ ಸಾಮಗ್ರಿಯ ದಾಖಲೆಯಲ್ಲೂ 'ಅಡ್ವಾನ್ಸ್‌ಡ್ ಪ್ಲಾನಿಂಗ್' ಎಂಬ ಚಿಕ್ಕ ಚೌಕವಿದೆ. ಅದಕ್ಕೆ ಗುರುತು ಹಾಕಿದರೆ ಆ ಸಾಮಗ್ರಿ ಪಿಪಿ/ಡಿಎಸ್ ಎಂಬ ವಿವರವಾದ ವೇಳಾಪಟ್ಟಿಯ ವ್ಯವಸ್ಥೆಗೆ ಸೇರುತ್ತದೆ, ಹಾಕದಿದ್ದರೆ ಮಾಮೂಲಿ ಎಂಆರ್‌ಪಿಯಲ್ಲಿ ಉಳಿಯುತ್ತದೆ. ಸ್ಯಾಪ್‌ನ ಹಳೆಯ ಯೋಜನಾ ತಂತ್ರಾಂಶ ಎಪಿಒದ ಮುಖ್ಯ ನಿರ್ವಹಣೆ 2027ರ ಕೊನೆಗೆ ಮುಗಿಯಲಿರುವುದರಿಂದ ಅದನ್ನು ನೆಚ್ಚಿಕೊಂಡಿದ್ದ ಕಾರ್ಖಾನೆಗಳು ಈಗ ಹೊಸ ವ್ಯವಸ್ಥೆಗೆ ಸಾಗುತ್ತಿವೆ. ಸಾಗುವ ಅವಸರದಲ್ಲಿ ಹಳೆಯ ಪಟ್ಟಿಯನ್ನೇ ನಕಲು ಮಾಡುವ ಆಸೆ ಸಹಜ. ಆದರೆ ಆ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

ಈ ವಿಷಯದಲ್ಲಿ ಚಾಲ್ತಿಯಲ್ಲಿರುವ ಪ್ರಮುಖ ಮಾರ್ಗಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಗ್ರಿಗಳನ್ನು ಬಿಡಿಬಿಡಿಯಾಗಿ ಆರಿಸಲು ಕೂತರೆ ದಾರಿ ತಪ್ಪುತ್ತದೆ. ಕೆಲಸ ಕಟ್ಟಿಕೊಳ್ಳುವ ಯಂತ್ರವನ್ನು ಮೊದಲು ಗುರುತಿಸಿ, ಆ ಯಂತ್ರದ ಮೇಲೆ ಬರುವ ಎಲ್ಲವನ್ನೂ, ಅದರ ಹಿಂದೆ ಮುಂದೆ ಇರುವ ಸರಪಳಿಯಲ್ಲಿ ಅಗತ್ಯವಾದಷ್ಟನ್ನೂ ಒಟ್ಟಿಗೆ ಆರಿಸಬೇಕು.

ಪ್ರಶ್ನೆ ಹುಟ್ಟಿದ ಬಗೆ

ಕಂಪ್ಯೂಟರಿನಿಂದ ಸಾಮಗ್ರಿ ಯೋಜನೆ ಮಾಡುವ ಎಂಆರ್‌ಪಿ ಪದ್ಧತಿಗೆ ರೂಪ ಕೊಟ್ಟವರಲ್ಲಿ ಜೋಸೆಫ್ ಓರ್ಲಿಕಿ ಮುಖ್ಯರು. 1964ರಲ್ಲಿ ಅಮೆರಿಕದ ಬ್ಲ್ಯಾಕ್ ಆ್ಯಂಡ್ ಡೆಕರ್ ಕಂಪನಿ ಇದನ್ನು ಅಳವಡಿಸಿಕೊಂಡಿತು. 1975ರಲ್ಲಿ ಓರ್ಲಿಕಿಯ ಪುಸ್ತಕ ಬಂದ ಮೇಲೆ ಅದು ಜಗತ್ತಿನ ಕಾರ್ಖಾನೆಗಳ ಪಾಠವಾಯಿತು. ಸಿದ್ಧ ಸರಕಿನ ಬೇಡಿಕೆಯನ್ನು ಬಿಲ್ ಆಫ್ ಮೆಟೀರಿಯಲ್ಸ್ ಪ್ರಕಾರ ಬಿಡಿಸಿ, ಕೈಯಲ್ಲಿರುವ ಸ್ಟಾಕ್ ಕಳೆದು, ಲೀಡ್ ಟೈಮಿನಷ್ಟು ದಿನ ಹಿಂದಕ್ಕೆ ಎಣಿಸಿ, ಯಾವ ಭಾಗವನ್ನು ಎಂದು ಶುರು ಮಾಡಬೇಕೆಂದು ಎಂಆರ್‌ಪಿ ಹೇಳುತ್ತದೆ. ಇಷ್ಟನ್ನು ಅದು ಸೊಗಸಾಗಿ ಮಾಡುತ್ತದೆ. ಆದರೆ ಆ ದಿನ ಆ ಯಂತ್ರ ಖಾಲಿ ಇದೆಯೇ ಎಂದು ಕೇಳುವುದಿಲ್ಲ. ಸಾಮರ್ಥ್ಯಕ್ಕೆ ಮಿತಿಯೇ ಇಲ್ಲ, ಲೀಡ್ ಟೈಮ್ ಸದಾ ಸ್ಥಿರ ಎಂಬ ನಂಬಿಕೆಯ ಮೇಲೆ ಅದರ ಲೆಕ್ಕ ನಿಂತಿದೆ.

ಈ ನಂಬಿಕೆಯನ್ನು ಬಲವಾಗಿ ಪ್ರಶ್ನಿಸಿದವರು ಇಸ್ರೇಲಿನ ಭೌತವಿಜ್ಞಾನಿ ಎಲಿಯಾಹು ಗೋಲ್ಡ್‌ರಾಟ್. ಒಪಿಟಿ ಎಂಬ ವೇಳಾಪಟ್ಟಿ ತಂತ್ರಾಂಶದಿಂದ ಆರಂಭಿಸಿದ ಅವರು 1984ರಲ್ಲಿ 'ದಿ ಗೋಲ್' ಕಾದಂಬರಿಯ ಮೂಲಕ ಬಾಟಲ್‌ನೆಕ್ ಎಂಬ ಮಾತನ್ನು ಶಾಪ್‌ಫ್ಲೋರಿನ ಭಾಷೆಯಾಗಿಸಿದರು. ಇಡೀ ಕಾರ್ಖಾನೆಯ ಉತ್ಪಾದನೆಯನ್ನು ಒಂದೆರಡು ಯಂತ್ರಗಳೇ ನಿರ್ಧರಿಸುತ್ತವೆ, ಆದ್ದರಿಂದ ಯೋಜನೆಯ ಗಮನ ಅವುಗಳ ಮೇಲಿರಬೇಕು ಎಂಬುದು ಅವರ ವಾದದ ತಿರುಳು. 1988ರಲ್ಲಿ ಸಂಜೀವ್ ಸಿಧು ಮತ್ತು ಕೆನ್ ಶರ್ಮಾ ಅಮೆರಿಕದಲ್ಲಿ ಕಟ್ಟಿದ ಐ2 ಟೆಕ್ನಾಲಜೀಸ್ ಸಾಮಗ್ರಿ ಮತ್ತು ಸಾಮರ್ಥ್ಯ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ತಂತ್ರಾಂಶವನ್ನು ದೊಡ್ಡ ಉದ್ಯಮಗಳಿಗೆ ತಲುಪಿಸಿತು. ಸ್ಯಾಪ್ ತನ್ನ ಎಪಿಒವನ್ನು ತಂದದ್ದು 1998ರಲ್ಲಿ.

ಎಪಿಒ ಕಾಲದಲ್ಲಿ ಆಯ್ಕೆಗೆ ಒಂದು ತಾಂತ್ರಿಕ ಒತ್ತಾಯವೂ ಇತ್ತು. ಯೋಜನಾ ವ್ಯವಸ್ಥೆ ಬೇರೆ ಸರ್ವರಿನಲ್ಲಿ, ಲೈವ್‌ಕ್ಯಾಶ್ ಎಂಬ ಬೇರೆ ಸ್ಮೃತಿಕೋಶದಲ್ಲಿ ನಡೆಯುತ್ತಿತ್ತು. ಕಾರ್ಖಾನೆಯ ಮುಖ್ಯ ವ್ಯವಸ್ಥೆಯಾದ ಇಆರ್‌ಪಿಯಿಂದ ಅಲ್ಲಿಗೆ ಸಾಮಗ್ರಿಯ ಮಾಹಿತಿಯನ್ನು ಸಿಐಎಫ್ ಎಂಬ ಸಂಪರ್ಕದ ಮೂಲಕ ಕಳಿಸಬೇಕಿತ್ತು. ಸಾಲು ಕಟ್ಟಿ ನಿಂತ ಸಂದೇಶಗಳಲ್ಲಿ ಒಂದು ಸಿಕ್ಕಿಕೊಂಡರೆ ಎರಡು ವ್ಯವಸ್ಥೆಗಳ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಹಾಗಾಗಿ ಕಳಿಸುವ ಸಾಮಗ್ರಿ ಕಡಿಮೆಯಿದ್ದಷ್ಟೂ ನೆಮ್ಮದಿ. 2015ರಲ್ಲಿ ಎಸ್/4 ಹಾನಾ ಬಂತು. 2016ರ 1610 ಆವೃತ್ತಿಯಿಂದ ಪಿಪಿ/ಡಿಎಸ್ ಅದರೊಳಗೇ ಸೇರಿತು. ಬೇರೆ ಸರ್ವರ್ ಹೋಯಿತು. ಎಂಆರ್‌ಪಿ ಲೈವ್ ಎಂಬ ಒಂದೇ ಓಟದಲ್ಲಿ ಗುರುತು ಹಾಕಿದ ಸಾಮಗ್ರಿಗೆ ಪಿಪಿ/ಡಿಎಸ್ ಲೆಕ್ಕ, ಉಳಿದದ್ದಕ್ಕೆ ಎಂಆರ್‌ಪಿ ಲೆಕ್ಕ ನಡೆಯುವಂತಾಯಿತು. ತಾಂತ್ರಿಕ ಅಡ್ಡಿ ಸಡಿಲವಾದೊಡನೆ ಆಯ್ಕೆ ಏಕೆ ಬೇಕು, ಎಲ್ಲವನ್ನೂ ಸೇರಿಸಿಬಿಡೋಣ ಎಂಬ ಮಾತು ಕೇಳಿಬರತೊಡಗಿತು.

ಎಲ್ಲವೂ ಒಳಗೆ

ಈ ಮಾರ್ಗದ ಪರವಾಗಿ ಹೇಳುವವರ ವಾದ ಹಗುರವಾದುದಲ್ಲ. ಒಂದೇ ವ್ಯವಸ್ಥೆ, ಒಂದೇ ತೆರೆ, ಒಂದೇ ನಿಯಮ. ಯಾವ ಸಾಮಗ್ರಿ ಎಲ್ಲಿದೆ ಎಂದು ಪ್ಲಾನರ್ ಹುಡುಕಬೇಕಿಲ್ಲ. ಸರಪಳಿಯಲ್ಲಿ ಎಲ್ಲೂ ಕೊಂಡಿ ಕಳಚುವುದಿಲ್ಲ.

ಆದರೂ ಇದಕ್ಕೆ ತೆರುವ ಬೆಲೆ ದೊಡ್ಡದು. ಮೊದಲನೆಯದು ಪ್ಲಾನರ್‌ನ ಗಮನ. ಸುಧಾರಿತ ಯೋಜನೆಯ ಜೀವಾಳವೇ ಎಚ್ಚರಿಕೆಗಳು. ಇಂಥ ಆರ್ಡರ್ ತಡವಾಗುತ್ತದೆ, ಇಂಥ ಯಂತ್ರದ ಮೇಲೆ ಹೊರೆ ಮೀರಿದೆ ಎಂದು ಅದು ತೋರಿಸುತ್ತದೆ. ಬೋಲ್ಟು, ವಾಷರ್, ಲೇಬಲ್ಲುಗಳೂ ಒಳಗಿದ್ದರೆ ಬೆಳಿಗ್ಗೆ ತೆರೆ ತೆರೆದಾಗ ನೂರಾರು ಎಚ್ಚರಿಕೆಗಳು ಬಂದು ಬೀಳುತ್ತವೆ. ನಿಜವಾಗಿ ನೋಡಬೇಕಾದ ನಾಲ್ಕು ಅದರಲ್ಲಿ ಮುಚ್ಚಿಹೋಗುತ್ತವೆ. ಕೆಲವೇ ದಿನಗಳಲ್ಲಿ ಪ್ಲಾನರ್ ಎಚ್ಚರಿಕೆಗಳ ಕಡೆ ನೋಡುವುದನ್ನೇ ಬಿಡುತ್ತಾನೆ. ಎರಡನೆಯದು ಲೆಕ್ಕದ ಹೊರೆ. ಅತ್ಯುತ್ತಮ ಸರದಿಯನ್ನು ಹುಡುಕುವ ಆಪ್ಟಿಮೈಸರ್‌ಗೆ ಕೆಲಸಗಳ ಸಂಖ್ಯೆ ಹೆಚ್ಚಿದಷ್ಟೂ ಹುಡುಕುವ ಸಾಧ್ಯತೆಗಳು ಬೆಳೆಯುತ್ತವೆ, ಕೊಟ್ಟ ಸಮಯದಲ್ಲಿ ಒಳ್ಳೆಯ ಉತ್ತರ ಸಿಗುವುದು ಕಷ್ಟವಾಗುತ್ತದೆ. ಮೂರನೆಯದು ಮಾಹಿತಿಯ ಆರೈಕೆ. ಒಳಗೆ ಬಂದ ಪ್ರತಿ ತಯಾರಿಕಾ ಸಾಮಗ್ರಿಗೂ ರೌಟಿಂಗ್, ಪ್ರೊಡಕ್ಷನ್ ವರ್ಷನ್, ಸೆಟಪ್ ಸಮಯ ಎಲ್ಲವೂ ನಿಖರವಾಗಿರಬೇಕು. ಸಾವಿರಾರು ಸಾಮಗ್ರಿಗೆ ಅದನ್ನು ಕಾಪಾಡುವ ಜನಬಲ ಬಹುಪಾಲು ಕಾರ್ಖಾನೆಗಳಲ್ಲಿ ಇಲ್ಲ.

ಸ್ಯಾಪ್ ಕೂಡ ತನ್ನ ದಾಖಲೆಗಳಲ್ಲಿ ಕೊಟ್ಟ ಸಲಹೆ ಇದೇ ದಿಕ್ಕಿನದು: ಬಾಟಲ್‌ನೆಕ್ ಯಂತ್ರದ ಮೇಲೆ ತಯಾರಾಗುವ ಅಥವಾ ದೀರ್ಘ ಪೂರೈಕೆ ಅವಧಿಯ ನಿರ್ಣಾಯಕ ಉತ್ಪನ್ನಗಳನ್ನು ಪಿಪಿ/ಡಿಎಸ್‌ನಲ್ಲಿ ಯೋಜಿಸಿ, ಉಳಿದದ್ದನ್ನು ಇಆರ್‌ಪಿಗೆ ಬಿಡಿ.

ಬೆಲೆ ನೋಡಿ ಆರಿಸುವುದು

ಎರಡನೆಯ ಮಾರ್ಗ ಎಬಿಸಿ ವರ್ಗೀಕರಣ. 1951ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್. ಫೋರ್ಡ್ ಡಿಕಿ ಇದನ್ನು ದಾಸ್ತಾನು ನಿರ್ವಹಣೆಗಾಗಿ ಪರಿಚಯಿಸಿದರು. ಹೆಚ್ಚು ಹಣ ಹಿಡಿದಿಡುವ ಕೆಲವೇ ಸಾಮಗ್ರಿ ಎ ವರ್ಗಕ್ಕೆ, ಮಧ್ಯಮದ್ದು ಬಿಗೆ, ಅಗ್ಗದ ಹಲವು ಸಿಗೆ. ಎಷ್ಟು ದಾಸ್ತಾನು ಇಡಬೇಕು, ಎಷ್ಟು ಸಲ ಎಣಿಸಬೇಕು ಎಂಬುದಕ್ಕೆ ಇದು ಇಂದಿಗೂ ಗಟ್ಟಿ ಸಾಧನ. ಎ ವರ್ಗವನ್ನು ಸುಧಾರಿತ ಯೋಜನೆಗೆ, ಸಿ ವರ್ಗವನ್ನು ಎಂಆರ್‌ಪಿಗೆ ಎಂದು ಹಂಚುವುದು ಹಲವು ಯೋಜನಾ ತಂಡಗಳ ರೂಢಿ.

ಇದರ ಸಮಸ್ಯೆ ಏನೆಂದರೆ ವೇಳಾಪಟ್ಟಿಯನ್ನು ಕೆಡಿಸುವುದು ಸಾಮಗ್ರಿಯ ಬೆಲೆಯಲ್ಲ, ಕೊರತೆ. 2021ರಲ್ಲಿ ಜಗತ್ತಿನ ವಾಹನ ಕಾರ್ಖಾನೆಗಳನ್ನು ನಿಲ್ಲಿಸಿದ್ದು ಕಾರಿನ ಬೆಲೆಗೆ ಹೋಲಿಸಿದರೆ ಗಣನೆಗೇ ಬಾರದ ಸೆಮಿಕಂಡಕ್ಟರ್ ಚಿಪ್ಪುಗಳು. ಆ ವರ್ಷ ಸೆಪ್ಟೆಂಬರಿನಲ್ಲಿ ಹರಿಯಾಣ ಮತ್ತು ಗುಜರಾತಿನ ಘಟಕಗಳ ಒಟ್ಟು ಉತ್ಪಾದನೆ ಸಾಮಾನ್ಯ ಮಟ್ಟದ ಸುಮಾರು ಶೇ. 40ಕ್ಕೆ ಇಳಿಯಬಹುದೆಂದು ಮಾರುತಿ ಸುಜುಕಿ ಷೇರುಪೇಟೆಗೆ ತಿಳಿಸಿತ್ತು. ಬೆಲೆಯನ್ನಷ್ಟೇ ನೋಡಿ ಮಾಡಿದ ಯಾವ ಪಟ್ಟಿಯಲ್ಲೂ ಅಂಥ ಚಿಪ್ಪಿಗೆ ಮೇಲಿನ ಸ್ಥಾನ ಸಿಗುತ್ತಿರಲಿಲ್ಲ.

ಕುಲುಮೆಯ ಮುಂದೆ ನಿಂತು ನೋಡಿದರೆ

ಮೂರನೆಯ ಮಾರ್ಗ ಯಂತ್ರದಿಂದ ಆರಂಭಿಸುವುದು. ಇದನ್ನು ಹತ್ತಿರದಿಂದ ನೋಡಲು ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ವಲಯದಲ್ಲಿ ಕಾಣಸಿಗುವ ಬಗೆಯ ಒಂದು ಗೇರ್ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಉಕ್ಕಿನ ಫೋರ್ಜಿಂಗ್ ಬರುತ್ತದೆ, ಲೇತಿನಲ್ಲಿ ಕಡೆಯುತ್ತಾರೆ, ಹಾಬಿಂಗ್ ಯಂತ್ರದಲ್ಲಿ ಹಲ್ಲು ಕೊರೆಯುತ್ತಾರೆ, ಹೀಟ್ ಟ್ರೀಟ್‌ಮೆಂಟ್ ಕುಲುಮೆಯಲ್ಲಿ ಹೊರಮೈಯನ್ನು ಗಡಸು ಮಾಡುತ್ತಾರೆ, ಆಮೇಲೆ ಗ್ರೈಂಡಿಂಗ್, ಕೊನೆಗೆ ಗೇರ್‌ಬಾಕ್ಸಿನ ಜೋಡಣೆ. ಲೇತು ಹಲವು, ಹಾಬಿಂಗ್ ಯಂತ್ರವೂ ಹಲವು. ಕುಲುಮೆ ಒಂದೇ.

ಕುಲುಮೆಯ ಕೆಲಸ ಚಾರ್ಜ್ ಲೆಕ್ಕದಲ್ಲಿ ನಡೆಯುತ್ತದೆ. ಟ್ರೇ ತುಂಬಿಸಿ ಒಳಗೆ ತಳ್ಳಿದರೆ ಆ ಚಾರ್ಜ್ ಮುಗಿಯುವವರೆಗೆ ಬಾಗಿಲು ತೆರೆಯುವಂತಿಲ್ಲ. ದೊಡ್ಡ ಗೇರುಗಳಿಗೆ ಸುಮಾರು 930 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾರ್ಬುರೈಸಿಂಗ್ ಆಗಬೇಕು. ಗಡಸು ಪದರ ಎಷ್ಟು ಆಳ ಬೇಕೋ ಅಷ್ಟು ಹೊತ್ತು. 0.8 ಮಿಲಿಮೀಟರ್ ಪದರದ ಗೇರನ್ನೂ 1.2 ಮಿಲಿಮೀಟರ್ ಪದರದ ಗೇರನ್ನೂ ಒಂದೇ ಚಾರ್ಜಿನಲ್ಲಿ ಹಾಕಲಾಗದು. ಚಿಕ್ಕ ಪಿನಿಯನ್ನುಗಳಿಗೆ ಇನ್ನೂ ಕಡಿಮೆ ಶಾಖದ ಕಾರ್ಬೊನೈಟ್ರೈಡಿಂಗ್ ಸಾಕು. ಆದರೆ ಶಾಖ ಇಳಿಸಿ ಮತ್ತೆ ಏರಿಸಲು ಹೊತ್ತು ಹೋಗುತ್ತದೆ. ಹಾಗಾಗಿ ಸರದಿಯೇ ಇಲ್ಲಿ ಸಾಮರ್ಥ್ಯ.

ಈಗ ಉದಾಹರಣೆಗೆಂದು ಅಂಕಿ ಇಟ್ಟು ನೋಡೋಣ. ವಾರಕ್ಕೆ ಆರು ದಿನ, ದಿನಕ್ಕೆ 24 ಗಂಟೆ ಕುಲುಮೆ ಓಡುತ್ತದೆ. ಒಟ್ಟು 144 ಗಂಟೆ. ಒಂದು ಚಾರ್ಜಿಗೆ 9 ಗಂಟೆ ಹಿಡಿದರೆ ವಾರಕ್ಕೆ 16 ಚಾರ್ಜ್. ಎಬಿಸಿ ನೋಡಿ ತಂಡ ಆರು ಬಗೆಯ ದೊಡ್ಡ ಗೇರುಗಳನ್ನು ಮಾತ್ರ ಸುಧಾರಿತ ಯೋಜನೆಗೆ ಸೇರಿಸಿತು. ಅವುಗಳಿಗೆ ವಾರಕ್ಕೆ 13 ಚಾರ್ಜ್ ಬೇಕು. ತೆರೆಯ ಮೇಲೆ ಮೂರು ಚಾರ್ಜ್ ಖಾಲಿ ಕಾಣುತ್ತದೆ. ಮಾರಾಟ ವಿಭಾಗ ಗಿರಾಕಿಗೆ ದಿನಾಂಕ ಕೊಡುತ್ತದೆ. ಆದರೆ ಸಿ ವರ್ಗದ ಪಿನಿಯನ್ನುಗಳಿಗೆ ವಾರಕ್ಕೆ ನಾಲ್ಕು ಚಾರ್ಜ್ ಬೇಕು. ಅವು ಹೊರಗಿರುವುದರಿಂದ ತೆರೆಗೆ ಕಾಣುವುದಿಲ್ಲ. ನಿಜವಾದ ಬೇಡಿಕೆ 17, ಇರುವುದು 16. ವಾರಕ್ಕೆ ಒಂದು ಚಾರ್ಜ್ ಹಿಂದೆ ಬೀಳುತ್ತದೆ. ನಾಲ್ಕು ವಾರಕ್ಕೆ 36 ಗಂಟೆ, ಅಂದರೆ ಒಂದೂವರೆ ದಿನ. ಶಾಖ ಏರಿಳಿಸುವ ಹೊತ್ತು ಬೇರೆ. ತೆರೆಯಲ್ಲಿ ಎಲ್ಲವೂ ಸರಿಯಿದೆ, ಕುಲುಮೆಯ ಮುಂದೆ ಟ್ರೇಗಳು ಬೆಳೆಯುತ್ತಲೇ ಇವೆ. ಶಿಫ್ಟ್ ಸೂಪರ್‌ವೈಸರ್ ತೆರೆಯನ್ನು ನಂಬುವುದನ್ನು ಬಿಟ್ಟು ಮತ್ತೆ ನೋಟ್‌ಬುಕ್ಕಿನಲ್ಲಿ ಸರದಿ ಬರೆಯತೊಡಗುತ್ತಾನೆ.

ಇಲ್ಲಿಂದ ಮೊದಲ ನಿಯಮ ಹೊರಡುತ್ತದೆ. ಬಾಟಲ್‌ನೆಕ್ ಯಂತ್ರದ ಮೇಲೆ ಬರುವ ಪ್ರತಿಯೊಂದು ಸಾಮಗ್ರಿಯೂ, ಎಷ್ಟೇ ಅಗ್ಗವಾಗಿರಲಿ, ಎಷ್ಟೇ ಸಣ್ಣದಿರಲಿ, ಒಳಗಿರಬೇಕು. ಅರ್ಧ ಹೊರೆಯನ್ನಷ್ಟೇ ಕಂಡ ವೇಳಾಪಟ್ಟಿ ಯೋಜನೆಯೇ ಇಲ್ಲದ ಸ್ಥಿತಿಗಿಂತ ಅಪಾಯಕಾರಿ, ಏಕೆಂದರೆ ಅದರ ಮೇಲೆ ಗಿರಾಕಿಗೆ ಮಾತು ಕೊಟ್ಟಿರುತ್ತೇವೆ.

ಮಧ್ಯದ ಕೊಂಡಿ ಕಳಚಿದರೆ

ಎರಡನೆಯ ಕಷ್ಟ ಲಂಬ ದಿಕ್ಕಿನದು. ಬಿಲ್ ಆಫ್ ಮೆಟೀರಿಯಲ್ಸ್‌ನಲ್ಲಿ ಗೇರ್‌ಬಾಕ್ಸ್ ಮೇಲೆ, ಗಡಸಾದ ಗೇರ್ ಅದರ ಕೆಳಗೆ, ಹಲ್ಲು ಕೊರೆದ ಗೇರ್ ಅದರ ಕೆಳಗೆ, ಫೋರ್ಜಿಂಗ್ ತಳದಲ್ಲಿ. ಸುಧಾರಿತ ಯೋಜನೆಯ ಮುಖ್ಯ ಶಕ್ತಿ ಪೆಗ್ಗಿಂಗ್. ಈ ಫೋರ್ಜಿಂಗ್ ಈ ಗೇರಿಗೆ, ಈ ಗೇರು ಈ ಗೇರ್‌ಬಾಕ್ಸಿಗೆ, ಈ ಗೇರ್‌ಬಾಕ್ಸು ಇಂಥ ಗಿರಾಕಿಯ ಆರ್ಡರಿಗೆ ಎಂಬ ನಂಟನ್ನು ಅದು ಮಟ್ಟದಿಂದ ಮಟ್ಟಕ್ಕೆ ಹಿಡಿದಿಡುತ್ತದೆ. ಯಾವ ಮಟ್ಟವನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು.

ಮೇಲಿನ ಗೇರ್‌ಬಾಕ್ಸನ್ನು ಹೊರಗಿಟ್ಟು ಗೇರನ್ನು ಒಳಗಿಟ್ಟರೆ, ಜೋಡಣೆಯ ದಿನಾಂಕ ಎಂಆರ್‌ಪಿಯ ಲೆಕ್ಕದಂತೆ ನಿಂತಿರುತ್ತದೆ. ಕುಲುಮೆಯಲ್ಲಿ ಗೇರು ಎರಡು ದಿನ ತಡವಾದರೆ ಆ ತಡ ಗೇರಿನ ಮಟ್ಟದಲ್ಲಿ ಕಾಣುತ್ತದೆಯೇ ಹೊರತು ಯಾವ ಗಿರಾಕಿಗೆ ತಟ್ಟುತ್ತದೆ ಎಂಬುದು ತಾನಾಗಿ ತಿಳಿಯುವುದಿಲ್ಲ. ತಳದ ಫೋರ್ಜಿಂಗನ್ನು ಹೊರಗಿಟ್ಟರೆ, ಶುಕ್ರವಾರ ಬರಲಿರುವ ಫೋರ್ಜಿಂಗಿಗೆ ಮಂಗಳವಾರವೇ ಲೇತು ಮೀಸಲಾಗಬಹುದು. ಮಧ್ಯದ ಒಂದು ಮಟ್ಟವನ್ನು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಮೇಲೂ ಕೆಳಗೂ ವಿವರವಾದ ವೇಳಾಪಟ್ಟಿ ಇದೆ, ನಡುವೆ ನಂಟೇ ಇಲ್ಲ. ಎರಡು ತುದಿಗಳೂ ಬೇರೆ ಬೇರೆ ಕಾರ್ಖಾನೆಗಳಂತೆ ನಡೆಯುತ್ತವೆ.

ಹಾಗಾದರೆ ಸರಪಳಿಯನ್ನು ಎಲ್ಲಿ ಕತ್ತರಿಸಬಹುದು? ಇದಕ್ಕೆ ಒಳ್ಳೆಯ ಉತ್ತರ ಡಿಡಿಎಂಆರ್‌ಪಿ (ಬೇಡಿಕೆ ನಡೆಸುವ ಎಂಆರ್‌ಪಿ) ಚಿಂತನೆಯಿಂದ ಬರುತ್ತದೆ. ಓರ್ಲಿಕಿಯ ಪುಸ್ತಕದ ಮೂರನೆಯ ಆವೃತ್ತಿಯನ್ನು 2011ರಲ್ಲಿ ಸಿದ್ಧಪಡಿಸಿದ ಕ್ಯಾರಲ್ ಟಾಕ್ ಮತ್ತು ಚಾಡ್ ಸ್ಮಿತ್, ಸರಪಳಿಯ ಆಯ್ದ ಜಾಗಗಳಲ್ಲಿ ಸ್ಟಾಕಿನ ಬಫರ್ ಇಟ್ಟು ಒಂದು ಕಡೆಯ ಏರುಪೇರು ಇನ್ನೊಂದು ಕಡೆಗೆ ಹರಿಯದಂತೆ ತಡೆಯಬೇಕು ಎಂದರು. ಇದನ್ನು ನಮ್ಮ ಪ್ರಶ್ನೆಗೆ ಅನ್ವಯಿಸಿದರೆ ನಿಯಮ ಸರಳವಾಗುತ್ತದೆ. ನಿಜವಾದ, ಸದಾ ತುಂಬಿರುವ ಬಫರ್ ಇರುವಲ್ಲಿ ಸರಪಳಿಯನ್ನು ಕತ್ತರಿಸಬಹುದು. ಫೋರ್ಜಿಂಗ್ ಗೋದಾಮಿನಲ್ಲಿ ಮೂರು ವಾರದಷ್ಟು ಯಾವಾಗಲೂ ಇದ್ದರೆ ಅದನ್ನು ಎಂಆರ್‌ಪಿಯಲ್ಲೇ ಬಿಡಿ. ಹಲ್ಲು ಕೊರೆದ ಗೇರು ಹಾಬಿಂಗಿನಿಂದ ನೇರ ಕುಲುಮೆಗೆ ಹೋಗುವುದಾದರೆ ಅದನ್ನು ಬಿಡುವಂತಿಲ್ಲ.

ಕೊಂಡು ತರುವ ಸಾಮಗ್ರಿ

ಕಾರ್ಖಾನೆಯಲ್ಲಿ ಮಾಡದೆ ಹೊರಗಿನಿಂದ ಕೊಳ್ಳುವ ಸಾಮಗ್ರಿಗೆ ಯಂತ್ರದ ವೇಳಾಪಟ್ಟಿ ಏಕೆ ಎಂದು ಖರೀದಿ ವಿಭಾಗದವರು ಕೇಳುತ್ತಾರೆ. ಹೆಚ್ಚಿನದಕ್ಕೆ ಬೇಡ ಎಂಬುದೇ ಸರಿಯಾದ ಉತ್ತರ. ರೀಆರ್ಡರ್ ಪಾಯಿಂಟ್ ಇಟ್ಟು ತರುವ ನಟ್ಟು ಬೋಲ್ಟು, ಕಾನ್‌ಬಾನ್ ಕಾರ್ಡಿನ ಮೇಲೆ ತುಂಬುವ ಡಬ್ಬಗಳು, ಗ್ರೀಸು, ಪ್ಯಾಕಿಂಗ್ ಸಾಮಾನು ಎಲ್ಲವೂ ತಮ್ಮ ಪದ್ಧತಿಯಲ್ಲೇ ಚೆನ್ನಾಗಿ ನಡೆಯುತ್ತವೆ.

ಆದರೆ ಎರಡು ಬಗೆಯ ಖರೀದಿ ಸಾಮಗ್ರಿ ಒಳಗಿರಬೇಕು. ಒಂದು, ಲೀಡ್ ಟೈಮ್ ದೀರ್ಘವಾಗಿದ್ದು ಕೊರತೆ ಬಂದರೆ ಬೇಗ ತುಂಬಲಾಗದ್ದು. ಇನ್ನೊಂದು, ಹಲವು ಉತ್ಪನ್ನಗಳು ಹಂಚಿಕೊಳ್ಳುವ, ಬರುವ ಪ್ರಮಾಣ ಸೀಮಿತವಾಗಿರುವ ಸಾಮಗ್ರಿ. ಅಲ್ಲಿ ಬಂದ ಸರಕನ್ನು ಯಾರಿಗೆ ಕೊಡಬೇಕು ಎಂಬುದು ವೇಳಾಪಟ್ಟಿಯ ನಿರ್ಧಾರವೇ ಆಗುತ್ತದೆ. ಇವೆರಡಕ್ಕೂ ಬೇರೆ ಪರಿಹಾರವೂ ಉಂಟು. 2011ರ ಜಪಾನಿನ ಭೂಕಂಪ, ಸುನಾಮಿಯ ನಂತರ ಟೊಯೊಟಾ ತನ್ನ ಸರಪಳಿಯ ದುರ್ಬಲ ಭಾಗಗಳನ್ನು ಗುರುತಿಸಿ, ಚಿಪ್ಪುಗಳ ಎರಡರಿಂದ ಆರು ತಿಂಗಳಷ್ಟು ದಾಸ್ತಾನು ಇಡುವಂತೆ ಪೂರೈಕೆದಾರರನ್ನು ಒಪ್ಪಿಸಿತು. 2021ರ ಕೊರತೆಯ ಮೊದಲ ತಿಂಗಳುಗಳನ್ನು ಅದು ಇತರರಿಗಿಂತ ಚೆನ್ನಾಗಿ ಎದುರಿಸಿದ್ದಕ್ಕೆ ಇದು ಮುಖ್ಯ ಕಾರಣ. ಎಲ್ಲ ಕೊರತೆಗೂ ತಂತ್ರಾಂಶವೇ ಮದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ. ಕೆಲವಕ್ಕೆ ಬಫರ್ ಇಟ್ಟು ಹೊರಗೆ ಬಿಡುವುದೇ ಜಾಣತನ.

ಉದ್ಯಮಕ್ಕೆ ತಕ್ಕ ಲೆಕ್ಕ

ಬಣ್ಣದ ಕಾರ್ಖಾನೆಯಲ್ಲಿ ಬಾಟಲ್‌ನೆಕ್ ಸಾಮಾನ್ಯವಾಗಿ ಮಿಶ್ರಣದ ಟ್ಯಾಂಕು ಅಥವಾ ತುಂಬುವ ಲೈನು. ಬಿಳಿಯಿಂದ ಕಪ್ಪಿಗೆ ಹೋಗುವಾಗ ಬೇಕಾದ ತೊಳೆತ ಕಡಿಮೆ, ಕಪ್ಪಿನಿಂದ ಬಿಳಿಗೆ ಬರುವಾಗ ಬಹಳ. ಈ ಸೆಟಪ್ ಮ್ಯಾಟ್ರಿಕ್ಸ್ ಇದ್ದರೇ ವೇಳಾಪಟ್ಟಿಗೆ ಅರ್ಥ. ಹಾಗಾಗಿ ಆ ಟ್ಯಾಂಕಿಗೆ ಬರುವ ಎಲ್ಲ ಬಣ್ಣಗಳೂ ಒಳಗೆ, ಡಬ್ಬ ಮತ್ತು ಮುಚ್ಚಳ ಹೊರಗೆ. ಔಷಧ ಮತ್ತು ಆಹಾರ ಉದ್ಯಮದಲ್ಲಿ ಬಾಳಿಕೆಯ ಅವಧಿ ಸೇರಿಕೊಳ್ಳುತ್ತದೆ. ಬೇಗ ಕೆಡುವ ಮಧ್ಯಂತರ ಪದಾರ್ಥಕ್ಕೆ ಬಫರ್ ಇಡುವುದೇ ಸಾಧ್ಯವಿಲ್ಲದ್ದರಿಂದ ಅಂಥ ಮಟ್ಟವನ್ನು ಹೊರಗೆ ಬಿಡುವ ಆಯ್ಕೆಯೂ ಇರುವುದಿಲ್ಲ. ಒಂದೇ ಬಗೆಯ ಸರಕು ಒಂದೇ ತಾಳದಲ್ಲಿ ಸಾಗುವ ಜೋಡಣಾ ಲೈನಿನಲ್ಲಿ, ಕಾನ್‌ಬಾನ್ ಗಟ್ಟಿಯಾಗಿರುವಲ್ಲಿ, ಸೇರಿಸಬೇಕಾದದ್ದು ಬಹಳ ಕಡಿಮೆ. ಗಿರಾಕಿಗೊಂದು ಬಗೆಯಂತೆ ಮಾಡಿಕೊಡುವ ಭಾರೀ ಯಂತ್ರಗಳ ಕಾರ್ಖಾನೆಯಲ್ಲಿ ಪೂರ್ತಿ ಸರಪಳಿಯೇ ಬೇಕಾಗಬಹುದು.

ಮಾಹಿತಿಯ ಯೋಗ್ಯತೆ

ಆಯ್ಕೆ ಎಷ್ಟೇ ಸರಿಯಿದ್ದರೂ ಮಾಹಿತಿ ಸರಿಯಿಲ್ಲದಿದ್ದರೆ ಫಲವಿಲ್ಲ. ಸಾಮಗ್ರಿಗೆ ಗುರುತು ಹಾಕಿ ವರ್ಕ್ ಸೆಂಟರಿಗೆ ಹಾಕದಿದ್ದರೆ, ಅಥವಾ ಪ್ರೊಡಕ್ಷನ್ ವರ್ಷನ್ ಇಲ್ಲದಿದ್ದರೆ, ಆರ್ಡರಿಗೆ ಸರಿಯಾದ ವೇಳಾಪಟ್ಟಿ ಸಿಗುವುದಿಲ್ಲ. ಕಾಸ್ಟಿಂಗ್ ವಿಭಾಗ ವರ್ಷಗಳ ಹಿಂದೆ ಬರೆದಿಟ್ಟ ರೌಟಿಂಗ್ ಸಮಯ ವೆಚ್ಚದ ಲೆಕ್ಕಕ್ಕೆ ಸಾಕಾಗಬಹುದು, ಗಂಟೆಯ ವೇಳಾಪಟ್ಟಿಗೆ ಸಾಲದು. ಮಾಹಿತಿ ಸರಿಯಿಲ್ಲ ಎಂಬ ಕಾರಣಕ್ಕೆ ಬಾಟಲ್‌ನೆಕ್ಕಿನ ಸಾಮಗ್ರಿಯನ್ನು ಹೊರಗೇ ಇಡುವುದೂ ತಪ್ಪು. ಮೊದಲು ವಾಚು ಹಿಡಿದು ಅಳೆಯಬೇಕು, ಆಮೇಲೆ ಸೇರಿಸಬೇಕು. ಒಂದು ಯಂತ್ರ, ಅದರ ಇಡೀ ಹೊರೆ, ಅದರ ಸರಪಳಿ ಎಂಬಂತೆ ಹಂತಹಂತವಾಗಿ ಹೋಗುವುದು ಕ್ಷೇಮ. ಉತ್ಪನ್ನಕ್ಕೊಂದು ಹಂತ ಎಂದು ಹೋದರೆ ಕುಲುಮೆಯ ಅರ್ಧ ಹೊರೆ ಮರೆಯಾಗುವ ತೊಂದರೆ ಮತ್ತೆ ಬರುತ್ತದೆ.

ನಿರ್ಧಾರ ಯಾರದು

1998ರಲ್ಲಿ, ಎಪಿಒ ಬಂದ ವರ್ಷವೇ, ಬೆಂಗಳೂರಿನಲ್ಲಿ ಸ್ಯಾಪ್ ಲ್ಯಾಬ್ಸ್ ಇಂಡಿಯಾ ಶುರುವಾಯಿತು. ಇಂದು ಜರ್ಮನಿಯ, ಅಮೆರಿಕದ ಕಾರ್ಖಾನೆಗಳ ಯೋಜನಾ ವ್ಯವಸ್ಥೆಯನ್ನು ಹೊಂದಿಸುವ ಕೆಲಸ ಈ ನಗರದ ಸಲಹಾ ಕಚೇರಿಗಳಲ್ಲೂ ನಡೆಯುತ್ತದೆ. ಸಾಮಗ್ರಿಗಳ ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ತರಿಸಿ, ಬೆಲೆಯ ಕಾಲಮ್ಮಿನ ಮೇಲೆ ಫಿಲ್ಟರ್ ಹಾಕಿ, ಒಟ್ಟಿಗೆ ಗುರುತು ಹಾಕುವುದು ದೂರದಲ್ಲಿ ಕೂತವರಿಗೆ ಸುಲಭದ ದಾರಿ. ಆ ಪಟ್ಟಿಯಲ್ಲಿ ಕುಲುಮೆ ಕಾಣುವುದಿಲ್ಲ. ಯಾವ ಯಂತ್ರದ ಮುಂದೆ ಕೆಲಸ ಕಟ್ಟಿ ನಿಂತಿದೆ ಎಂಬುದು ಶಿಫ್ಟ್ ಸೂಪರ್‌ವೈಸರ್‌ಗೆ ಗೊತ್ತು, ಯಾವ ಬಫರ್ ನಿಜ, ಯಾವುದು ಕಾಗದದ ಮೇಲಿನದು ಎಂಬುದು ಸ್ಟೋರಿನವರಿಗೆ ಗೊತ್ತು. ಅವರನ್ನು ಕೇಳದೆ ಮಾಡಿದ ಆಯ್ಕೆ ನಿಲ್ಲುವುದಿಲ್ಲ.

ಪ್ರತಿ ಸಾಮಗ್ರಿಗೂ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಇದು ಇಕ್ಕಟ್ಟಿನ ಯಂತ್ರದ ಮೇಲೆ ಬರುತ್ತದೆಯೇ? ಇದು ತಡವಾದರೆ ಆ ಯಂತ್ರದ ಸರದಿಯೋ ಗಿರಾಕಿಯ ದಿನಾಂಕವೋ ಬದಲಾಗುತ್ತದೆಯೇ? ಇದಕ್ಕೂ ಆ ಯಂತ್ರಕ್ಕೂ ನಡುವೆ ನಿಜವಾದ ಬಫರ್ ಇದೆಯೇ? ಇದರ ಸಮಯದ ಲೆಕ್ಕ ನಂಬಲರ್ಹವೇ? ಮೊದಲನೆಯದಕ್ಕೆ ಹೌದು ಎಂದರೆ ಒಳಗೆ, ಬೇರೆ ಮಾತಿಲ್ಲ. ಎರಡನೆಯದಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದರೂ ಒಳಗೆ, ನಡುವಿನ ಎಲ್ಲ ಮಟ್ಟಗಳ ಸಮೇತ. ಉಳಿದದ್ದನ್ನು ಎಂಆರ್‌ಪಿ, ರೀಆರ್ಡರ್ ಪಾಯಿಂಟ್, ಕಾನ್‌ಬಾನ್ ನೋಡಿಕೊಳ್ಳುತ್ತವೆ. ನಾಲ್ಕನೆಯದಕ್ಕೆ ಇಲ್ಲ ಎಂದರೆ ಗುರುತು ಹಾಕುವ ಮೊದಲು ಅಳತೆ.

ಇದು ಒಮ್ಮೆ ಮಾಡಿ ಮರೆಯುವ ಕೆಲಸವೂ ಅಲ್ಲ. ಎರಡನೆಯ ಕುಲುಮೆ ಬಂದ ದಿನ ಬಾಟಲ್‌ನೆಕ್ ಗ್ರೈಂಡಿಂಗಿಗೆ ಸರಿಯಬಹುದು. ಆಗ ಪಟ್ಟಿಯೂ ಸರಿಯಬೇಕು. ಅದಕ್ಕಾಗಿ ಪ್ರತಿ ಗುರುತಿನ ಪಕ್ಕದಲ್ಲಿ ಅದನ್ನು ಏಕೆ ಹಾಕಿದೆವು, ಯಾವ ಯಂತ್ರಕ್ಕಾಗಿ ಹಾಕಿದೆವು ಎಂದು ಒಂದು ಸಾಲು ಬರೆದಿಡುವ ಶಿಸ್ತು ಬೇಕು. ಕಾರಣ ಬರೆಯಲಾಗದ ಸಾಮಗ್ರಿಯನ್ನು ಸೇರಿಸಬಾರದು. ಯಂತ್ರ ಬದಲಾದಾಗ ಯಾವ ಗುರುತನ್ನು ಮರುಪರಿಶೀಲಿಸಬೇಕೆಂದು ಮುಂದೆ ಬರುವ ಪ್ಲಾನರ್‌ಗೆ ತಿಳಿಸುವುದು ಆ ಸಾಲೇ.